ಚಾವಣಿ ತಮ್ಮನಿಗೆ, ತೊಟ್ಟಿ ಅಕ್ಕನಿಗೆ

ದ್ವೀಪದ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಪೆರಿನಾಳ ಮುಂದೆ ದೊಬ್ರಿಲಾ ಮತ್ತು ಅವಳ ತಮ್ಮ ಫ್ರಾನೆ ನಿಂತಿದ್ದರು. ಪೆರಿನಾ ಏನೂ ಕೇಳಿಸದವಳಂತೆ ಕೈಚೀಲ ಮಡಚುತ್ತಿದ್ದಳು, ಕಿವಿ ಮಾತ್ರ ಅತ್ತಲೇ ಇತ್ತು.

“ತೊಟ್ಟಿಗೆ ಬೀಳ್ತಿದ್ದ ಮಳೆನೀರಿನ ಕೊಳವೆ ಬೀದಿಗೆ ಯಾಕೋ ತಿರುಗಿಸ್ದೆ?”

“ಅಪ್ಪನ ಮನೆ ಭಾಗ ಆದಾಗ ಚಾವಣಿ ನನ್ನ ಪಾಲಿಗೆ ಬಂದಿದ್ದು. ಅದರ ಮೇಲೆ ಬಿದ್ದ ನೀರೂ ನಂದೇ ಅಕ್ಕ.”

“ತೊಟ್ಟಿ ನಂದಲ್ವಾ? ಬರೀ ತೊಟ್ಟಿ ಇಟ್ಕೊಂಡು ಟೊಮೆಟೊ ಬೆಳೀಲಾ?”

“ಅದನ್ನೂ ನಂಗೇ ಬರ್ಕೊಡು ಅಂದೆ. ಕೊಟ್ಯಾ?”

“ಗಿಡ ಎಲ್ಲ ಒಣಗಿಹೋಯ್ತು. ತೊಟ್ಟೀಲಿ ತಳ ಕಾಣ್ತಿದೆ.”

ಫ್ರಾನೆ ಮೊದಲ ಸಲ ಅವಳತ್ತ ತಿರುಗಿದ. “ನೀರಲ್ಲಿ ಹುಳ ಆಗ್ದಿರ್ಲಿ ಅಂತ ಅಪ್ಪ ಬಿಟ್ಟಿದ್ದ ಹಾವುಮೀನು ಏನಾಯ್ತು?”

“ನಿನ್ನೆ ಸಾರು ಮಾಡ್ದೆ. ನಿನ್ನ ಪಾಲು ಎತ್ತಿಟ್ಟಿದೀನಿ, ಬಂದು ತಗೊಂಡ್ಹೋಗು.”

ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದೊಬ್ರಿಲಾ ಹೊರಟುಹೋದಳು. ಅಂಗಡಿಯವಳು ಎರಡು ಸಲ ಕರೆದರೂ ಫ್ರಾನೆ ಮುಂದೆ ಹೋಗಲಿಲ್ಲ. ಬರಿಗೈಯಲ್ಲೇ ಸಾಲು ಬಿಟ್ಟು ನಡೆದ.