ಓಪಲಕ್ಕನ ಕೊನೇ ಪುಟ

ಭಾನುವಾರದ ಆರಾಧನೆ ಮುಗಿದು ಚರ್ಚಿನ ಹಿಂದಿನ ಊಟದಮನೆಯಲ್ಲಿ ಸಾಲು ನಿಂತಿತ್ತು. ತನಗೊಂದು, ಗಂಡನಿಗೊಂದು ತಟ್ಟೆ ಹಿಡಿದು ನಿಂತಿದ್ದ ಟ್ವೈಲಾಳ ಮುಂದೆಯೇ ಇಬ್ಬರು ಮಾತಿಗಿಳಿದಿದ್ದರು. ಒಬ್ಬಳು ಪಾದ್ರಿಯ ಹೆಂಡತಿ ಜನೀವ್. ಇನ್ನೊಬ್ಬಳು ಊರಿನ ಹೆಂಗಸರೆಲ್ಲ ಓದುವ ಭಕ್ತಿಯ ಕಾದಂಬರಿಗಳನ್ನು ಬರೆದ ಮುದುಕಿ ಓಪಲ್.

“ಹೊಸ ಪುಸ್ತಕ ಓದ್ದೆ, ಓಪಲಕ್ಕ. ಕುಡಿದು ಹೊಡೀತಿದ್ದ ಆ ಗಂಡ ಕೊನೇಲಿ ಹೊಸ್ತಿಲಲ್ಲಿ ಮಂಡಿಯೂರ್ತಾನಲ್ಲ, ನಂಗೆ ಅಳುವೇ ಬಂತು.”

“ಬರ್ಲಿ ಬಿಡು.”

“ಆದ್ರೆ ಅವಳು ಬಾಗಿಲು ತೆಗೆಯೋದೇ ಇಲ್ವಲ್ಲ! ಕೊನೇ ಪುಟ ಹರಿದುಹೋಗಿದ್ಯೇನೋ ಅಂತ ನೋಡ್ದೆ.”

“ಹರಿದಿಲ್ಲ. ಕತೆ ಅಷ್ಟೇ.”

“ನಿಮ್ಮ ಪುಸ್ತಕದಲ್ಲಿ ಯಾವಾಗ್ಲೂ ಇಬ್ರೂ ಒಂದಾಗ್ತಿದ್ರು.”

“ಮೂವತ್ತು ವರ್ಷ ಒಂದು ಮಾಡಿ ಮಾಡಿ ಸಾಕಾಯ್ತು ಕಣೇ.”

“ದೇವ್ರೇ ಕ್ಷಮಿಸ್ತಾನೆ, ಆಗಲ್ಲ ಅನ್ನೋಕೆ ಇವಳ್ಯಾರು?”

“ಇವಳೂ ಕ್ಷಮಿಸಿದಾಳೆ. ಕ್ಷಮಿಸಿದ ತಪ್ಪಿಗೆ ಮತ್ತೆ ಹೊಡೆಸ್ಕೋಬೇಕಾ?”

ಜನೀವ್ ದನಿ ತಗ್ಗಿಸಿದಳು. “ನಮ್ಮನೆಯವರು ಅದನ್ನ ಚರ್ಚಿನ ಲೈಬ್ರರಿಯಿಂದ ತೆಗೆಸ್ತಾರಂತೆ, ಅಕ್ಕ.”

“ತೆಗೆಸ್ಲಿ. ಹಾಡಿನ ಪುಸ್ತಕದ ಪಕ್ಕ, ಬೆಂಚಿಗೊಂದರಂತೆ ನಾನೇ ಇಟ್ಟು ಬರ್ತೀನಿ. ಮುಂದೆ ನಡಿ, ಕೋಳಿ ಆರ್ತಿದೆ.”

ಇಬ್ಬರೂ ಬಡಿಸಿಕೊಂಡು ಸರಿದುಹೋದರು.

“ಏನೇ, ಇನ್ನೂ ಎಷ್ಟೊತ್ತು?” ಮೂಲೆಯ ಮೇಜಿನಿಂದ ಟ್ವೈಲಾಳ ಗಂಡ ಗದರಿದ.

ಟ್ವೈಲಾ ಎರಡನೆಯ ತಟ್ಟೆಯನ್ನು ಇದ್ದಲ್ಲಿಗೇ ವಾಪಸಿಟ್ಟಳು. ತನ್ನ ತಟ್ಟೆಗೆ ಕೋಳಿಯ ದೊಡ್ಡ ತುಂಡನ್ನೇ ಹಾಕಿಕೊಂಡಳು.

“ಸಾಲು ಇಲ್ಲಿದೆ,” ಎಂದಳು, ಎಲ್ಲರಿಗೂ ಕೇಳುವಂತೆ. “ಬಂದು ನಿಂತ್ಕೋ.”