ಅಕ್ಕನ ಕೈಗೆ ಬಂದ ಮೌಸು

ನಿನ್ನೆ ಸೇವೆಯ ವಿಷಯ ಮಾತಾಡಿದೆವು. ಪ್ರವಚನ ಮುಗಿದ ಮೇಲೆ ಒಬ್ಬರು ಹತ್ತಿರ ಬಂದು, "ಬುದ್ಧೀ, ಮನೆಯವರಿಗೆ ನಾನು ಎಷ್ಟು ಮಾಡಿದ್ರೂ ಅವರಿಗೆ ಸಮಾಧಾನ ಇಲ್ಲ, ಯಾಕೆ?" ಎಂದು ಕೇಳಿದರು. ಅಲ್ಲೇ ಉತ್ತರ ಹೇಳಬಹುದಿತ್ತು. ಅವರೊಬ್ಬರಿಗೇ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲರ ಮುಂದೆ ಹೇಳಿದರೆ ಪ್ರತಿಯೊಬ್ಬರೂ ಇದು ಪಕ್ಕದವರಿಗೆ ಹೇಳಿದ್ದು ಅಂದುಕೊಂಡು ನಗುತ್ತಾ ಕೇಳುತ್ತಾರೆ. ಅದಕ್ಕೇ ಇವತ್ತಿಗೆ ಉಳಿಸಿಕೊಂಡೆ.

ಒಂದು ಊರು. ಆ ಊರಲ್ಲಿ ಹಂಚಿನ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ನಾಳೆ ನೀವು ಅವನನ್ನು ಹುಡುಕಿಕೊಂಡು ಹೊರಡುತ್ತೀರಿ. ಶ್ರೀಮಂತ ಅಂದ ತಕ್ಷಣ ಜಿಪುಣ, ಜಂಬದವನು ಅಂತ ತೀರ್ಮಾನ ಮಾಡಬೇಡಿ. ಒಳ್ಳೆಯವನು. ಅವನ ತೊಂದರೆಯೇ ಅದು ನೋಡಿ, ತೀರಾ ಒಳ್ಳೆಯವನು. ಯಾರ ಕೈಯಲ್ಲಿ ಕೆಲಸ ಒಂದು ಗಳಿಗೆ ತಡವಾದರೂ ಅವನಿಗೆ ನೋಡುತ್ತಾ ನಿಲ್ಲಲು ಆಗುತ್ತಿರಲಿಲ್ಲ. ಆಳು ಮೊಳೆ ಹೊಡೆಯುತ್ತಿದ್ದರೆ ಸುತ್ತಿಗೆ ಕಿತ್ತುಕೊಂಡು ತಾನೇ ಹೊಡೆಯುವನು. ಹೆಂಡತಿ ಡಬ್ಬಿಯ ಮುಚ್ಚಳ ತಿರುಗಿಸಲು ಶುರು ಮಾಡಿದರೆ, ಮುಗಿಸುವಷ್ಟರಲ್ಲಿ ಡಬ್ಬಿ ಅವನ ಕೈಯಲ್ಲಿ. "ಬಿಡು, ನಾನ್ ಮಾಡ್ತೀನಿ." ದಿನಕ್ಕೆ ನೂರು ಸಲ ಇದೇ ಮಾತು. ಕೇಳಲು ಎಷ್ಟು ಹಿತವಾದ ಮಾತು ಅಲ್ಲವೇ? ನಮ್ಮ ಮನೆಯಲ್ಲೂ ಹೀಗೊಬ್ಬರು ಇದ್ದರೆ ಸಾಕು ಅಂತ ಈಗ ಎಷ್ಟು ಜನ ತಾಯಂದಿರು ಅಂದುಕೊಂಡಿರಿ, ನನಗೆ ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಡೆಯಿರಿ.

ಅವನಿಗೊಬ್ಬಳು ಅಕ್ಕ. ಹನ್ನೆರಡು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಉಣಿಸಿ, ಮಲಗಿಸಿ, ಶಾಲೆಗೆ ಸೇರಿಸಿ ಬೆಳೆಸಿದವಳು ಅವಳು. ಮದುವೆಯಾಗಲಿಲ್ಲ, ನರ್ಸ್ ಕೆಲಸ ಹಿಡಿದಳು. ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲೇ ಕಳೆದಳು. ಆ ಊರಿನ ಅರ್ಧಕ್ಕರ್ಧ ಮಕ್ಕಳನ್ನು ಮೊದಲು ಮುಟ್ಟಿದ ಕೈ ಅವಳದು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ. ನಿವೃತ್ತಿಗೆ ಇನ್ನು ಆರು ವರ್ಷ ಇದೆ, ಅಷ್ಟರಲ್ಲಿ ಹೊಸ ನರ್ಸುಗಳಿಗೆ ತರಬೇತಿ ಕೊಡುವ ಜಾಗಕ್ಕೆ ಹೋಗಬೇಕು, ತನಗೆ ಗೊತ್ತಿರುವುದನ್ನೆಲ್ಲ ಆ ಹುಡುಗಿಯರಿಗೆ ಕೊಟ್ಟು ಬರಬೇಕು.

ಆ ಜಾಗಕ್ಕೆ ಹೋಗಬೇಕಾದರೆ ಒಂದು ನಿಯಮ ಇತ್ತು. ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಎರಡೇ ಅವಕಾಶ. ಪರೀಕ್ಷೆ ಏನು ದೊಡ್ಡದಲ್ಲ. ಅರ್ಧ ಗಂಟೆಯೊಳಗೆ ಒಂದು ಪತ್ರ ಟೈಪ್ ಮಾಡಿ, ಹೇಳಿದ ಫೋಲ್ಡರಿನಲ್ಲಿ ಸೇವ್ ಮಾಡಿ ತೋರಿಸಬೇಕು. ಇಲ್ಲಿ ಕೂತ ಹುಡುಗರು ನಗುತ್ತಿದ್ದೀರಿ. ನಗಿ. ಆದರೆ ಕೂಸು ಅಡ್ಡಲಾಗಿ ಸಿಕ್ಕಿಕೊಂಡಾಗಲೂ ದಾರಿ ಕಂಡುಕೊಂಡ ಆ ಕೈ, ಮೌಸನ್ನು ಒಂದು ದಿನವೂ ಮುಟ್ಟಿರಲಿಲ್ಲ. ಐವತ್ತನಾಲ್ಕನೇ ವಯಸ್ಸಿನಲ್ಲಿ ಏನೂ ಗೊತ್ತಿಲ್ಲದವಳಾಗಿ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು.

ತಮ್ಮ ಸುಮ್ಮನಿರುತ್ತಾನೆಯೇ? ವಿಷಯ ತಿಳಿದ ಮಾರನೆಯ ದಿನವೇ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಡಿಸಿದ. "ಯಾವ ಕ್ಲಾಸಿಗೂ ಹೋಗ್ಬೇಡ ಅಕ್ಕ, ನಾನೇ ಕಲಿಸ್ತೀನಿ" ಅಂದ. ಸಂಜೆ ಡ್ಯೂಟಿ ಮುಗಿಸಿ ಅಕ್ಕ ಬಂದು ಕೂತಳು. ಮೌಸನ್ನು ಎರಡು ಬೆರಳ ನಡುವೆ ಹಿಡಿದು, ಹೆಬ್ಬೆರಳನ್ನು ಹಿಂದೆ ಇಟ್ಟು ಒತ್ತಿದಳು. ಇಪ್ಪತ್ತೆಂಟು ವರ್ಷ ಸಿರಿಂಜು ಹಿಡಿದ ಕೈ ಮತ್ತೆ ಹೇಗೆ ಹಿಡಿಯುತ್ತದೆ?

"ಇದೇನಕ್ಕ, ಕಂಪ್ಯೂಟರಿಗೆ ಇಂಜೆಕ್ಷನ್ ಚುಚ್ತಾ ಇದೀಯಾ?" ಅಂದ. ಅವಳೂ ನಕ್ಕಳು.

ಆಮೇಲೆ ತೆರೆಯ ಮೇಲಿನ ಬಾಣದ ಗುರುತು ಒಂದು ಮೂಲೆಗೆ ಓಡಿತು. ಅದನ್ನು ಹುಡುಕುತ್ತಾ ಮೌಸನ್ನು ಎಳೆದಳು. ಟೇಬಲ್ಲು ಮುಗಿದುಹೋಯಿತು. ಇನ್ನೇನು ಮಾಡುವುದು ಅಂತ ಮೌಸನ್ನು ಗಾಳಿಯಲ್ಲಿ ಎತ್ತಿ ಹಿಡಿದು ಆಡಿಸಿದಳು. ತಮ್ಮ ಮೂರು ಸಲ ಉಸಿರು ಬಿಟ್ಟ. ನಾಲ್ಕನೇ ಸಲಕ್ಕೆ ಅವನ ಕೈ ಬಂತು.

"ತಾ ಇಲ್ಲಿ. ನೋಡ್ಕೋ, ಹಿಂಗೆ. ಟಕ್ ಟಕ್. ಆಯ್ತಲ್ಲ, ಗೊತ್ತಾಯ್ತಾ?"

"ಹೂಂ" ಅಂದಳು ಅಕ್ಕ.

ಹೀಗೆ ಇಪ್ಪತ್ತು ಸಂಜೆ. ಅವಳು ಮೌಸ್ ಹಿಡಿಯುವಳು, ಬಾಣ ದಾರಿ ತಪ್ಪುವುದು, ತಮ್ಮನ ಕೈ ಬರುವುದು. ತಾ ಇಲ್ಲಿ, ನೋಡ್ಕೋ, ಗೊತ್ತಾಯ್ತಾ. ಹೂಂ. ಕೊನೆಗೆ ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂರತೊಡಗಿದಳು. ಹೇಗಿದ್ದರೂ ಕಿತ್ತುಕೊಳ್ಳುತ್ತಾನಲ್ಲ. ಅಕ್ಕನಿಗೆ ಎಲ್ಲ ಬಂತು ಅಂತ ತಮ್ಮನಿಗೆ ಬಹಳ ಖುಷಿ. ಬಂದದ್ದು ಯಾರಿಗೆ? ಅವನಿಗೆ ಮೊದಲೇ ಬರುತ್ತಿತ್ತು, ಈಗ ಇನ್ನೂ ಚೆನ್ನಾಗಿ ಬಂತು.

ಪರೀಕ್ಷೆಯ ದಿನ ಅಕ್ಕ ಕುರ್ಚಿಯಲ್ಲಿ ಕೂತಳು. ತೆರೆಯ ಮೇಲಿನ ಪ್ರತಿಯೊಂದು ಚಿತ್ರವೂ ಅವಳಿಗೆ ಗುರುತಿತ್ತು. ಇದನ್ನು ಒತ್ತಬೇಕು, ಇದು ಬಿಚ್ಚಿಕೊಳ್ಳುತ್ತದೆ, ಇಲ್ಲಿ ಹೆಸರು ಬರೆಯಬೇಕು, ಎಲ್ಲ ಕಣ್ಣಿಗೆ ಗೊತ್ತು. ಕೈ ಮುಂದೆ ಹೋಯಿತು. ಕೈಗೆ ಒಂದೂ ಗೊತ್ತಿಲ್ಲ. ಅರ್ಧ ಗಂಟೆ ಆ ಬಾಣದ ಹಿಂದೆ ಅಲೆದಳು. ಪತ್ರ ಬರೆಯುವ ಜಾಗವನ್ನೂ ತೆರೆಯಲಾಗಲಿಲ್ಲ. ಎದ್ದು ಬಂದಳು.

ಮನೆಗೆ ಬಂದು ವಿಷಯ ಹೇಳಿದಳು. ತಮ್ಮನಿಗೆ ಸಂಕಟವಾಯಿತು, ನಿಜವಾದ ಸಂಕಟ. ತಕ್ಷಣ ಎದ್ದು ಅಂಗಿ ಹಾಕಿಕೊಂಡ. "ನೀನೇನ್ ಯೋಚನೆ ಮಾಡ್ಬೇಡ ಅಕ್ಕ. ದೊಡ್ಡೋರು ನನಗೆ ಪರಿಚಯ ಇದಾರೆ. ಒಂದ್ ಮಾತು ಹೇಳಿದ್ರೆ ಪಾಸ್ ಅಂತ ಬರ್ಕೊಡ್ತಾರೆ. ಬಿಡು, ನಾನ್ ಮಾಡ್ತೀನಿ."

ಅಕ್ಕ ಅವನ ಮುಖ ನೋಡಿದಳು. "ಅದನ್ನೂ ನೀನೇ ಮಾಡ್ತೀಯೇನಪ್ಪ?" ಅಂದಳು. "ತಮ್ಮಯ್ಯ, ಇಪ್ಪತ್ತು ದಿನದಲ್ಲಿ ಆ ಮೌಸು ನನ್ನ ಕೈಯಲ್ಲಿ ಎಷ್ಟೊತ್ತಿತ್ತು, ಹೇಳು."

ಅವನು ಬೆರಳು ಮಡಚುತ್ತಾ ಲೆಕ್ಕ ಹಾಕತೊಡಗಿದ. ಒಳಗಿಂದ ಹೆಂಡತಿ ಹೇಳಿದಳು, "ನನಗೂ ಸ್ಕೂಟರ್ ಕಲಿಸಿದ್ರು ಅತ್ತಿಗೆ. ಎರಡು ತಿಂಗಳು. ಹಿಂದಿನ ಸೀಟಲ್ಲಿ ಕೂರಿಸ್ಕೊಂಡು."

ಅಕ್ಕ ಅವನನ್ನು ಕೂರಿಸಿದಳು. ಬೈಯಲಿಲ್ಲ. "ನಮ್ಮ ವಾರ್ಡಿಗೆ ಹೊಸ ಹುಡುಗಿ ಬಂದಾಗ, ಅವಳ ಕೈಯಿಂದ ಮೊದಲನೇ ಹೆರಿಗೆ ಮಾಡಿಸ್ತೀವಲ್ಲ, ಆಗ ನಾನು ಎಲ್ಲಿ ನಿಂತಿರ್ತೀನಿ ಗೊತ್ತಾ? ಅವಳ ಪಕ್ಕದಲ್ಲೇ, ಮೊಣಕೈ ತಾಗೋ ಹಂಗೆ. ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡಿರ್ತೀನಿ. ಕೈ ತುರಿಸುತ್ತೆ ತಮ್ಮಯ್ಯ. ನಾನು ಮಾಡಿದ್ರೆ ಎರಡು ನಿಮಿಷ. ಆದ್ರೂ ಬಾಯಲ್ಲೇ ಹೇಳ್ತೀನಿ. ಜೀವಕ್ಕೆ ಅಪಾಯ ಅನ್ನೋ ಹಂಗಿದ್ರೆ ಮಾತ್ರ ಕೈ ಮುಂದಕ್ಕೆ ಬರುತ್ತೆ, ಇಲ್ಲಾಂದ್ರೆ ಇಲ್ಲ. ಯಾಕೆ ಹೇಳು? ನಾಳೆ ಅವಳೊಬ್ಬಳೇ ಇರೋವಾಗ ಅವಳ ಹತ್ರ ನನ್ನ ಕೈ ಇರಲ್ಲ."

ನೋಡಿ, ಆಗ ಆ ಶ್ರೀಮಂತನಿಗೆ ಎಂದೋ ಮರೆತದ್ದು ನೆನಪಾಯಿತು. ಒಂದನೇ ತರಗತಿ. ಬಾಗಿಲಲ್ಲಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾನೆ, ಒಂದು ಮೇಲೆ ಒಂದು ಕೆಳಗೆ. ಶಾಲೆಯ ಗಂಟೆ ಹೊಡೆಯಿತು. ಅಕ್ಕ ಎದುರಿಗೇ ನಿಂತಿದ್ದಾಳೆ, ಕೈ ಬೆನ್ನ ಹಿಂದೆ. ಓರೆಕೋರೆ ಗುಂಡಿಯಲ್ಲೇ ಶಾಲೆಗೆ ಹೋದ. ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ತಾನೇ ಸರಿ ಮಾಡಿಕೊಂಡಿದ್ದ. ಅವತ್ತು ಅವಳು ಹಾಕಿಕೊಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಅಷ್ಟು ದೊಡ್ಡ ಕಾರ್ಖಾನೆ ಕಟ್ಟಿದ ಕೈ ತಯಾರಾದದ್ದು ಆ ಅಕ್ಕನ ಕಟ್ಟಿದ ಕೈಯಿಂದ. ಅಷ್ಟು ವಯಸ್ಸಿನ ಗಂಡಸು, ಅಕ್ಕನ ಮುಂದೆ ಕಣ್ಣೊರೆಸಿಕೊಂಡ.

ಮಾರನೆಯ ಸಂಜೆಯಿಂದ ಮತ್ತೆ ಪಾಠ. ಅಕ್ಕನ ಮುಂದೆ ಕಂಪ್ಯೂಟರ್, ಪಕ್ಕದಲ್ಲಿ ತಮ್ಮ, ಕೈ ಬೆನ್ನ ಹಿಂದೆ. ಸುಲಭ ಅಂದುಕೊಂಡಿರಾ? ಐದು ನಿಮಿಷಕ್ಕೆ ಅವನ ಬಲಗೈ ತಾನಾಗಿಯೇ ಮುಂದೆ ಬಂತು. ಅಕ್ಕ ಆ ಕೈಯನ್ನು ನೋಡಿದಳು. ಕೈ ಹಿಂದೆ ಹೋಯಿತು. ಹೆಂಡತಿ ಟವಲು ತಂದು, "ಕಟ್ಲಾ?" ಅಂತ ಕೇಳಿದಳು.

ಇನ್ನೊಂದು ಕಷ್ಟ ಬಂತು. ಕೈ ಕಟ್ಟಿದ ಮೇಲೆ ಬಾಯಲ್ಲಿ ಹೇಳಬೇಕಲ್ಲ, ಹೇಳಲು ಅವನಿಗೇ ಗೊತ್ತಿಲ್ಲ. "ಹಿಂಗಲ್ಲ ಅಕ್ಕ, ಹಂಗೆ" ಅಂದರೆ ಏನು ಅರ್ಥ? ಮೂರು ದಿನ ತಡವರಿಸಿದ. ನಾಲ್ಕನೆಯ ದಿನ ಅಕ್ಕನ ಕೈಯನ್ನೇ ನೋಡುತ್ತಾ ಕೂತವನು ಕೇಳಿದ, "ಅಕ್ಕ, ಬಸುರಿ ಹೊಟ್ಟೆ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಅಂತ ನೋಡ್ತೀಯಲ್ಲ, ಆಗ ಹೆಂಗಿಡ್ತೀಯ?"

ಅಕ್ಕ ಇಡೀ ಅಂಗೈಯನ್ನು ಮೆತ್ತಗೆ ಮೌಸಿನ ಮೇಲೆ ಇಟ್ಟಳು. ಒತ್ತಲಿಲ್ಲ, ಹಿಡಿಯಲಿಲ್ಲ, ಇಟ್ಟಳು ಅಷ್ಟೇ. ಬಾಣ ನಿಂತಿತು. ಅವಳು ಹೇಳಿದ ಕಡೆಗೆ ಮೆಲ್ಲಗೆ ನಡೆಯಿತು. ಟೇಬಲ್ಲು ಮುಗಿದಾಗ ಮೌಸನ್ನು ಎತ್ತಿ ನಡುವೆ ಇಟ್ಟಳು. ಬಾಣ ಇದ್ದಲ್ಲೇ ಇತ್ತು. "ಓ, ಇದು ಕಾಯ್ತಾ ಇರುತ್ತೆ" ಅಂದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೇ ಕಂಡುಕೊಂಡದ್ದು. ತಮ್ಮ ಇಷ್ಟು ದಿನ ಅವಳಿಗೆ ತನ್ನ ಕೈ ತೋರಿಸುತ್ತಿದ್ದ. ಅವಳ ಕೈಯನ್ನು ಅವನು ನೋಡಿದ್ದು ಅವತ್ತೇ ಮೊದಲು.

ಎರಡನೆಯ ಪರೀಕ್ಷೆ. ಕೊನೆಯ ಅವಕಾಶ. ತಮ್ಮ ಹೊರಗಡೆ ಬೆಂಚಿನ ಪಕ್ಕ ನಿಂತಿದ್ದ. ಒಳಗೆ ಏನಾಗುತ್ತಿದೆಯೋ ಗೊತ್ತಿಲ್ಲ, ಮಾಡಲು ಏನೂ ಇಲ್ಲ. ನಿಂತೇ ಇದ್ದ, ಕೈ ಬೆನ್ನ ಹಿಂದೆ. ಅರ್ಧ ಗಂಟೆ ಕಳೆದು ಅಕ್ಕ ಹೊರಗೆ ಬಂದಳು, ಹೆಗಲಲ್ಲಿ ಬ್ಯಾಗು. ಅಭ್ಯಾಸಬಲ, ಬ್ಯಾಗು ಕಿತ್ತುಕೊಳ್ಳಲು ಎರಡು ಹೆಜ್ಜೆ ಓಡಿದ. ಅರ್ಧ ದಾರಿಯಲ್ಲಿ ನೆನಪಾಗಿ ಹಾಗೇ ನಿಂತುಬಿಟ್ಟ, ಕೈ ಗಾಳಿಯಲ್ಲಿ.

ಅಕ್ಕ ನಕ್ಕಳು. ಬ್ಯಾಗು ತೆಗೆದು ಅವನ ಕೈಗೆ ಕೊಟ್ಟಳು. "ಇದನ್ನ ಹಿಡ್ಕೋ ತಮ್ಮಯ್ಯ, ಭಾರ ಇದೆ. ಪತ್ರ ಬರೆದೆ. ಸೇವ್ ಮಾಡಿದೆ. ಮುಚ್ಚಿ ಮತ್ತೆ ತೆರೆದು ನೋಡಿದೆ, ಅಲ್ಲೇ ಇತ್ತು."

ಕಥೆ ಇಷ್ಟೇ. ಅವಳು ಪಾಸಾದಳು, ತರಬೇತಿಯ ಜಾಗಕ್ಕೆ ಹೋದಳು. ಈಗ ನಿಮ್ಮ ಕಡೆಗೆ ತಿರುಗುತ್ತೇನೆ.

ಆ ಬ್ಯಾಗನ್ನು ನೆನಪಿಟ್ಟುಕೊಳ್ಳಿ. ಅವರಾಗಿ ಕೊಟ್ಟಾಗ ಹಿಡಿದುಕೊಂಡರೆ ಅದು ಸೇವೆ. ಕೊಡದೆ ಇದ್ದಾಗ ಕಿತ್ತುಕೊಂಡರೆ? ಅದಕ್ಕೂ ನಾವು ಪ್ರೀತಿ ಅಂತಲೇ ಹೆಸರಿಟ್ಟಿದ್ದೇವೆ. ತಾಯಿ ಕಂಪ್ಯೂಟರ್ ಮುಂದೆ ಕೂತು, "ಇದು ಹೆಂಗೋ ಮಗ?" ಅಂದರೆ ನೀವೇನು ಮಾಡುತ್ತೀರಿ? ಕಿತ್ತುಕೊಳ್ಳುತ್ತೀರಿ. ಟಕ್ ಟಕ್. ಆಯ್ತಮ್ಮ, ಏಳು. ಪಾಪ, ಅವಳು ಎದ್ದು ಹೋಗುತ್ತಾಳೆ. ಇದು ತನಗಲ್ಲ ಅನ್ನುವುದನ್ನು ಮಾತ್ರ ಕಲಿತುಕೊಂಡು ಹೋಗುತ್ತಾಳೆ. ನಿಮ್ಮ ಐದು ನಿಮಿಷ ಉಳಿಯಿತು, ಅವಳ ಧೈರ್ಯ ಹೋಯಿತು.

ನಾನು ಇಷ್ಟು ಕೂಗಿದರೂ ಭಗವಂತ ಬಂದು ಮಾಡಿಕೊಡಲಿಲ್ಲವಲ್ಲ ಬುದ್ಧೀ ಅಂತ ನನ್ನ ಹತ್ತಿರ ಅಳುವವರು ಬಹಳ ಜನ. ಅಳಬೇಡಿ ಅಂತ ನಾನು ಹೇಳುವುದಿಲ್ಲ. ಒಂದು ಮಾತು ಮಾತ್ರ. ಅವನು ದೂರ ಹೋಗಿಲ್ಲ. ಆ ಅಕ್ಕ ನಿಂತ ಹಾಗೆ, ಮೊಣಕೈ ತಾಗುವಷ್ಟು ಹತ್ತಿರದಲ್ಲೇ ನಿಂತಿದ್ದಾನೆ, ಕೈ ಕಟ್ಟಿಕೊಂಡು. ನಿಮ್ಮ ಕೈಯ ಮೇಲೆ ಅವನಿಗೆ ಅಷ್ಟು ನಂಬಿಕೆ.

ಈಗ ಎಲ್ಲರೂ ಒಂದು ಸಲ ಕೈ ಬೆನ್ನ ಹಿಂದೆ ಕಟ್ಟಿ. ನಾಚಿಕೊಳ್ಳಬೇಡಿ, ಕಟ್ಟಿ. ಕಷ್ಟ ಅಲ್ಲವೇ? ಇವತ್ತು ಮನೆಗೆ ಹೋದ ಮೇಲೆ ಯಾರಾದರೂ ಏನಾದರೂ ಕಲಿಯಲು ಕೂತರೆ, ಮೌಸೋ, ಸ್ಕೂಟರೋ, ಗುಂಡಿಯೋ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಿ. ಅವರ ಬಾಣ ಮೂಲೆಗೆ ಓಡಲಿ, ನಿಮ್ಮ ಕೈ ಎಷ್ಟೇ ತುರಿಸಲಿ. ಹೀಗೆಯೇ ಕಟ್ಟಿಕೊಂಡು, ಅವರ ಕೈಯನ್ನು ನೋಡುತ್ತಾ ಕೂತಿರಿ.