ಕೈ ಬಿಡದ ನೀರುಗಂಟಿ

ಇದು ಯಾರೋ ದಾರಿಹೋಕರಿಗೆ ಆಗಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಊರಲ್ಲೆಲ್ಲ ಅವಳನ್ನ ಟೈಲರಕ್ಕ ಅಂತಾರೆ. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ... ಹೇಳ್ತೀನಿ.

ಅಣುಸ್ಥಾವರದಲ್ಲಿ ಆ ಅಪಘಾತ ಆಗಿ, ಊರಿಗೂರೇ ಗಂಟುಮೂಟೆ ಕಟ್ಟಿ ಹೊರಟು, ಆಮೇಲೆ ಒಬ್ಬೊಬ್ಬರಾಗಿ ವಾಪಸ್ ಬಂದು ವರ್ಷಗಳೇ ಆಗಿದ್ದವು. ಟೈಲರಕ್ಕನ ಗಂಡ ಅಲ್ಲಿ ವೆಲ್ಡರ್ ಆಗಿದ್ದವನು. ಸ್ಥಾವರ ಮುಚ್ಚಿದ ಮೇಲೆ ದೂರದ ಬಂದರಲ್ಲಿ ಕೆಲಸ. ಮನೆಗೆ ನೆಂಟನ ಹಾಗೆ ಬಂದು ಹೋಗ್ತಿದ್ದ. ಹಾಗಾಗಿ, ಸ್ಥಾವರ ಮತ್ತೆ ಶುರು ಮಾಡ್ತೀವಿ, ನಿಮ್ಮ ಅಭಿಪ್ರಾಯ ಹೇಳಿ ಅಂತ ಶಾಲೆಯ ಹಾಲಲ್ಲಿ ಸಭೆ ಕರೆದಾಗ ಇವಳೇ ಮೊದಲು ಎದ್ದಳು.

"ಎಷ್ಟು ದಿನ ಅಂತ ಹೆದರ್ಕೊಂಡು ಕೂರೋದು? ಎಲ್ಲ ಸರಿಹೋಗಿದೆ ಅಂತ ತಿಳಿದವರೇ ಹೇಳ್ತಿದ್ದಾರಲ್ಲ. ಶುರು ಮಾಡಲಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಲ್ಲಿ ಪಕ್ಕದ ಮನೆಯ ಅತ್ತಿಗೆ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು. ರಕ್ತಸಂಬಂಧ ಏನಿಲ್ಲ. ಅವಳ ಗಂಡನನ್ನ ಇವಳು ಅಣ್ಣ ಅಂತಿದ್ದಳು, ಅದಕ್ಕೆ ಅತ್ತಿಗೆ. ಆ ಅಣ್ಣ ಊರ ನೀರುಗಂಟಿ; ನಲ್ಲಿಗಳಿಗೆ ನೀರು ಬಿಡೋನು. ಅಪಘಾತದ ರಾತ್ರಿ ಅವನಿಗೆ ಆಫೀಸಿಂದ ಫೋನ್ ಬಂತು. ಬಾವಿ ನೀರಿಗೆ ವಿಕಿರಣ ಸೇರಿದೆ, ವಾಲ್ವ್ ಮುಚ್ಚು, ನಾವು ಹೇಳೋವರೆಗೂ ಒಂದು ತೊಟ್ಟೂ ಬಿಡಬೇಡ ಅಂತ. ಊರೆಲ್ಲ ಬಸ್ಸು ಹತ್ತಿದರೂ ಅವನು ಪಂಪ್‌ಹೌಸ್ ಬಿಟ್ಟು ಕದಲಲಿಲ್ಲ. ಬಿಡು ಅನ್ನೋ ಫೋನು ಬರಲೇ ಇಲ್ಲ. ಆಮೇಲೆ ಹಾಸಿಗೆ ಹಿಡಿದ, ಆಸ್ಪತ್ರೆಯಲ್ಲೇ ತೀರಿಕೊಂಡ.

ಅತ್ತಿಗೆ ಇವಳ ಮುಖವನ್ನೂ ನೋಡದೆ ಎದ್ದು ಹೋದಳು.

ಸಭೆ ಮುಗಿಯೋ ಹೊತ್ತಿಗೆ ಕತ್ತಲು ಗಟ್ಟಿಯಾಗಿತ್ತು. ಟೈಲರಕ್ಕ ಒಬ್ಬಳೇ ಹೊರಟಳು. ದಾರಿಯಲ್ಲಿ ಮೊದಲು ಊರಿಗೆಲ್ಲ ನೀರು ಕೊಡ್ತಿದ್ದ ಹಳೇ ಬಾವಿ, ಪಕ್ಕದಲ್ಲೇ ಪಂಪ್‌ಹೌಸ್. ಬಾವಿಗೆ ಕಾಂಕ್ರೀಟ್ ಮುಚ್ಚಿದ್ದಾರೆ. ಪಂಪ್‌ಹೌಸ್ ಒಳಗಿದ್ದ ಪೈಪು, ವಾಲ್ವು, ಮೋಟಾರು ಎಲ್ಲ ಕಿತ್ತು ಲಾರಿಗೆ ಹಾಕಿ ಒಯ್ದಿದ್ದನ್ನ ಊರೇ ನಿಂತು ನೋಡಿದೆ. ಈಗ ನಲ್ಲಿಗೆ ಬರೋದು ಬೇರೆ ಕಡೆಯ ನೀರು. ಅಲ್ಲಿ ನಾಲ್ಕು ಗೋಡೆ ಬಿಟ್ಟರೆ ಏನೂ ಇಲ್ಲ.

ಅಲ್ಲಿಂದ ಸದ್ದು ಬಂತು.

ಕಿರ್ರ್... ಕಿರ್ರ್... ಟಕ್.

ತುಕ್ಕು ಹಿಡಿದ ಚಕ್ರವನ್ನ ಬಿಗಿ ಮಾಡೋ ಸದ್ದು. ಅದರ ಹಿಂದೆಯೇ ಒಂದು ಏದುಸಿರು... ಭಾರ ಹೊತ್ತವರದ್ದು. ಇವಳು ಆ ಕಡೆ ತಿರುಗಿದಳು.

"ಯಾರು?"

"ತಂಗೀ... ನಾನು."

ಆ ಧ್ವನಿ ಇವಳಿಗೆ ಗೊತ್ತಿಲ್ಲದ್ದಾ? ಬೆಳಗ್ಗೆ ಬೆಳಗ್ಗೆ "ನೀರು ಬಂತಮ್ಮೋ" ಅಂತ ಬೀದಿಯನ್ನೇ ಎಬ್ಬಿಸ್ತಿದ್ದ ಧ್ವನಿ. ಈಗ ಪಿಸುಮಾತಾಗಿತ್ತು.

"ಕೈ ಸೋತು ಹೋಯ್ತು ಕಣಮ್ಮ. ಯಾರೂ ಬಂದು ಹೇಳಲೇ ಇಲ್ಲ... ಎಲ್ಲ ಸರಿಹೋಯ್ತಾ? ಬಿಡಲಾ?"

ಹಾಲಲ್ಲಿ ಅಷ್ಟು ಜನರ ಮುಂದೆ ಆಡಿದ ಮಾತು ನಾಲಿಗೆ ತುದಿಯಲ್ಲೇ ಇತ್ತು. ಹೂಂ ಅಂದರೆ ಮುಗೀತು. ಆದರೆ ಅವಳ ಕಣ್ಣ ಮುಂದೆ ಬೀದಿಯ ನಲ್ಲಿಗಳು ಬಂದವು... ಅವಕ್ಕೆ ಬಾಯಿ ಒಡ್ಡೋ ಮಕ್ಕಳು ಬಂದರು.

"ಬೇಡಣ್ಣ," ಅಂದಳು. "ಇನ್ನೊಂಚೂರು... ಹಿಡ್ಕೊಂಡಿರು."

ಒಳಗೆ ಒಂದು ನಿಟ್ಟುಸಿರು. ಆಮೇಲೆ... ಕಿರ್ರ್... ಟಕ್.

ಓಡಿದಳು. ತನ್ನ ಮನೆ ದಾಟಿ ಹೋಗಿ ಅತ್ತಿಗೆ ಬಾಗಿಲು ಬಡಿದಳು. ಬಾಗಿಲು ತೆಗೆದ ಅತ್ತಿಗೆಗೆ ಇವಳ ಮುಖ ನೋಡಿದ್ದೇ ಎಲ್ಲ ತಿಳಿದುಹೋಯ್ತು.

"ಏನಂದೆ ಅವರಿಗೆ?"

"ಹಿಡ್ಕೊಂಡಿರು ಅಂದೆ."

ಅತ್ತಿಗೆ ಬಾಗಿಲು ಪೂರ್ತಿ ತೆರೆದು, "ಒಳಗೆ ಬಾ," ಅಂದಳು.

ಮುಂದಿನ ಸಭೆಯಲ್ಲಿ ಟೈಲರಕ್ಕ ಎದ್ದು, ಪಂಪ್‌ಹೌಸಲ್ಲಿ ಕೇಳಿದ್ದನ್ನೆಲ್ಲ ಹೇಳಿ, ನಾನು ಅವತ್ತು ಹೇಳಿದ್ದು ತಪ್ಪು, ನನಗೆ ಧೈರ್ಯ ಸಾಲದು ಅಂದುಬಿಟ್ಟಳು. ಜನ ನಕ್ಕರು. ಗಂಡನಂತೂ ಫೋನಲ್ಲೇ ಕೂಗಾಡಿದ. "ನಾನು ಮನೆ ಸೇರೋದು ನಿನಗೆ ಬೇಡವಾ? ದೆವ್ವದ ಮಾತು ಕೇಳ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲೇ?"

ಅವಳೊಬ್ಬಳು ಬೇಡ ಅಂದರೆ ನಿಲ್ಲತ್ತಾ? ಶುರು ಮಾಡೋದು ಅಂತ ತೀರ್ಮಾನ ಆಯ್ತು. ಹಳೇ ಕೆಲಸ ಸಿಕ್ಕಿತು ಅಂತ ಗಂಡ ಬ್ಯಾಗು ಹೆಗಲಿಗೇರಿಸಿ ಕೊನೇ ಬಸ್ಸಿಗೆ ಬಂದಿಳಿದ. ಬಾವಿಯ ದಾರಿಯಲ್ಲೇ, ಆ ಪಂಪ್‌ಹೌಸ್ ಮುಂದೆಯೇ ಒಬ್ಬನೇ ನಡೆದು ಬಂದ. ಜಗಳ ಆಗುತ್ತೆ ಅಂತ ಇವಳು ಕಾದಿದ್ದಳು. ಅವನು ಊಟಕ್ಕೂ ಕೂರದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಈಗ ಸ್ಥಾವರ ನಡೀತಿದೆ. ಅವನು ಕೆಲಸಕ್ಕೂ ಹೋಗ್ತಾನೆ. ಆದರೆ ಬಂದ ಮಾರನೇ ದಿನದಿಂದ, ಮನೆಯ ನಲ್ಲಿಯಲ್ಲಿ ಸೊಂಪಾಗಿ ನೀರು ಬರ್ತಿದ್ದರೂ, ಬೆಳಕು ಹರಿಯೋ ಮುಂಚೆ ಎರಡು ಬಿಂದಿಗೆ ಹಿಡಿದು ಪಕ್ಕದೂರಿನ ಟ್ಯಾಂಕರ್ ಮುಂದೆ ಸಾಲಲ್ಲಿ ನಿಲ್ತಾನೆ. ಯಾಕೋ ಅಂದರೆ "ಸುಮ್ಮನೆ" ಅಂತಾನೆ. ಆ ಸಾಲಲ್ಲಿ ಅವನ ಹಿಂದೆ ನಾನೇ ನಿಂತಿದ್ದೀನಿ, ಬೇರೆಯವರು ಹೇಳಿದ್ದಲ್ಲ.